ಬುಟ್ಟಿ ಇಳಸೂ ಎತ್ತರ

ಎಲ್ಲಾ ಮಸೀದಿಗೂ ನಡುವ ಒಂದು ಅಂಗಳ ಇರ್ತದಂತ,
ಅಂಗಳದಾಗ ಆಕಾಶ ಇರ್ತದಂತ.
ಕಲಬುರಗಿ ಕಿಲ್ಲಾದಾಗಿನ ಜಾಮಾ ಮಸೀದಿಗಿ
ಅದು ಇಲ್ಲ.
ಇದ್ದ ಆಕಾಶಾನೆಲ್ಲ ತುಂಡು ತುಂಡು ಮಾಡಿ
ಗುಮ್ಮಟದಾಗ ತುಂಬಿಟ್ಟಾರ.

ಯಾಕ ಅಂತ ಮಶಾಕ ಮೇಸ್ತ್ರಿಗಿ ಕೇಳಿದೆ.
ಗಾರಿ ಕಲಸೂ ಕೈ ನಿಂದ್ರಸಲಾರದೇ ಅಂದ:
‘ಕಟ್ಟಿದಾಂವ ದೂರದ ಮುಲ್ಕಿನಾಂವ.
ಅಲ್ಲಿ ಬರಫ ಬೀಳ್ತದ, ಬಿಸಲ ಅಂದ್ರ ಹಬ್ಬ.
ಇಲ್ಲಿ ಬಂದು ಒಂದು ಬ್ಯಾಸಗಿ ಕಂಡ,
ನಕ್ಷೆ ಮಡಚಿದ.’

ನಾ ಅನ್ನೂದೇ ಬ್ಯಾರೆ.
ನಕ್ಷೆ ಬರಿಯೂ ಮಂದಿಗಿ ನೆರಳಿನಾಗೇ ಕೂಡಸಿರ್ತಾರ,
ಅವರ ನೆತ್ತಿ ಏನ್ ಸುಡ್ತದ?
ಯಾವಾಕಿಯೋ ಒಬ್ಬಾಕಿ, ನನ್ನಂಗೇ ತಲಿ ಮ್ಯಾಲ ಸಿಂಬಿ,
ಸಿಂಬಿ ಮ್ಯಾಲ ಬುಟ್ಟಿ, ಬುಟ್ಟಿ ತುಂಬ ಹಸಿ ಗಾರಿ,
ಕಾದ ಫರಸಿ ಮ್ಯಾಲ ಬರಿಗಾಲಾಗ ನಿಂತು
‘ಯಪ್ಪಾ, ಮ್ಯಾಲ ಏನರ ಹೊಚ್ಚರೋ’ ಅಂದಿರಬೇಕು.
ಅವಂಗ ಕನ್ನಡ ಬರ್ತಿದ್ದಿಲ್ಲ.
ಆಕಿ ಕಾಲು ಎತ್ತಿ ಎತ್ತಿ ಇಡೂದು ಮಾತ್ರ ತಿಳೀತು.

ಇದು ಬುಕ್ಕಿನಾಗ ಇಲ್ಲ.
ಬುಕ್ಕಿನಾಗ ಹಿಜರಿ ಇಸವಿ ಅದ, ಉದ್ದ ಅದ, ಅಗಲ ಅದ.

ನಮ್ಮ ಕೆಲಸ ಮಾಳಗಿ ಮ್ಯಾಲಿಂದು.
ಸತ್ತ ಗಚ್ಚು ಕೆರದು ತೆಗದು ಹೊಸಾದು ಮೆತ್ತೂದು:
ಸುಣ್ಣ, ಉಸುಕು, ಬೆಲ್ಲದ ನೀರು, ಪತ್ರಿಕಾಯಿ ಲೋಳಿ,
ಹದಿನೈದು ದಿನ ಕೊಳೀಬೇಕು.
ವಾಸನಿಗಿ ಇರುವಿ ಬರ್ತಾವ, ಜೇನುಹುಳಾ ಬರ್ತಾವ.
ಮೇಸ್ತ್ರಿ ಮಮ್ಮಗ ಖಾಜಾಲಾಲ ಬಂದು ಬಟ್ಟ ಅದ್ದಿ ನೆಕ್ಕಿ
ನಾಲಿಗಿ ಸುಟಗೊಂಡು ಕಿಲ್ಲಾ ತುಂಬ ಕೇಳೂವಂಗ ಅತ್ತ.

ಗಚ್ಚಿಗಿ ಒಣಗೂ ಅವಸರ. ಅವಸರ ಮಾಡಿದ್ರ ಸೀಳ್ತದ.
ಅದಕ್ಕ ಒಂದೊಂದು ಗುಮ್ಮಟಕ್ಕ ಹಸಿ ತಟ್ಟು ಹೊಚ್ಚಿ
ಕೊಡಾ ಹಿಡದು ನೀರು ಹಾಕೋತ ಹೋಗೂದು,
ಜ್ವರ ಬಂದ ಕೂಸಿನ ಹಣಿಗಿ ಪಟ್ಟಿ ಹಾಕಿದಂಗ.
ಎಷ್ಟು ಕೂಸು? ಎಣಸಿದೆ. ಅರವತ್ತಮೂರು.
ಮರುದಿನ ಎಣಸಿದ್ರ ಅರವತ್ತೊಂದು.
ದೊಡ್ಡದು ಹಿಡೀಬೇಕೋ ಬ್ಯಾಡೋ, ಮೂಲಿವು ನಾಲ್ಕು?
‘ಎಣಸಬ್ಯಾಡ ಜಗದೇವಿ,’ ಮೇಸ್ತ್ರಿ ಅಂದ,
‘ಕೂಸುಗಳಿಗಿ ಎಣಸಬಾರದು. ನೀರು ಹಾಕು.’

ಮಧ್ಯಾಹ್ನ ಕೆಳಗಿಳದು ಒಳಗ ಹೋದ್ರ
ಒಂದು ಗಳಿಗಿ ಕಣ್ಣಿಗಿ ಏನೂ ಕಾಣಂಗಿಲ್ಲ.
ಆಮ್ಯಾಲ ಒಂದೊಂದೇ ಕಮಾನು ಎದ್ದು ಬರ್ತಾವ.
ಎದ್ದು ಅಲ್ಲ, ಕೂತು.
ಬ್ಯಾರೆ ಕಡಿ ಕಮಾನು ಕಾಲು ಜೋಡಿಸಿ ನೆಟ್ಟಗ ಇರ್ತಾವ,
ಸಾಹೇಬ ಬಂದಾಗ ನಾವು ನಿಂದ್ರತೀವಲ್ಲ, ಹಂಗ.
ಪಡಸಾಲಿ ಕಡಿ ಇವು ಮಾತ್ರ
ಬೀಸೂ ಕಲ್ಲಿನ ಮುಂದ ಮೊಣಕಾಲು ಅಗಲ ಮಾಡಿ
ಕೂತ ನಮ್ಮವ್ವನಂಗ.
ಅಷ್ಟು ಅಗಲ, ಅಷ್ಟು ಗಿಡ್ಡ.
ಕಲ್ಲು ಬಾಗೂದು ಸುರುವಾಗೂದೇ ನನ್ನ ಹಣಿ ಮಟ್ಟಕ್ಕ.

ಇಂಜಿನಿಯರ ಟೇಪು ಹಿಡದು ಬರಕೊಂಡ.
‘ಇಷ್ಟು ತೆಳಗ ಯಾಕ ಹಿಡದಾರೋ’ ಅಂತ
ತನಗ ತಾನೇ ಅಂದ.
ನನಗೇನೂ ಕೇಳಿದ್ದಲ್ಲ.

ಬುಟ್ಟಿ ಹೊತ್ತಾಕಿಗಿ ತ್ರಾಸು ಹೊರೂದರಾಗ ಇಲ್ಲ,
ಇಳಸೂದರಾಗ.
‘ಯಾರರ ಕೈ ಹಚ್ಚರೇ’ ಅಂತ ಕೂಗಬೇಕು,
ಕೂಗಿ ನಿಂದ್ರಬೇಕು,
ಬಂದಾಂವನ ಕೈ ಬುಟ್ಟಿಗೇ ಹತ್ತತಾವೋ ಇಲ್ಲೋ
ಅದೂ ನೋಡಬೇಕು.

ಅವತ್ತ ಒಳಗಿನ ಮೂಲಿಗಿ ಗಾರಿ ಒಯ್ಯೂದಿತ್ತು.
ಜುಮ್ಮಾ. ಅರ್ಧಾ ಮಂದಿ ನಮಾಜಿಗಿ, ಉಳದವರು ಚಹಾಕ್ಕ.
ಕೂಗಿದ್ರ ನನ್ನ ದನಿ ಗುಮ್ಮಟದಾಗ ತಿರಗಿ
ನನ್ನ ಕಡಿಗೇ ಬಂತು.
ಕಂಬಕ್ಕ ಮಾರಿ ಮಾಡಿ ಜರಾ ಬಗ್ಗಿದೆ.
ಕಂಬ ಮುಗದು ಕಮಾನು ಹುಟ್ಟೂ ಅಂಚಿನ ಮ್ಯಾಲ
ಬುಟ್ಟಿ ತಾನೇ ಹೋಗಿ ಕೂತಿತು.
ತೆಳಗಿಂದ ನಾ ಹೊರಗ ಬಂದೆ.
ಕುತಗಿ ಹಗುರ.

ಜರಾ ಬಗ್ಗಬೇಕಾಯ್ತು, ಅಷ್ಟೇ.
ನನಕಿಂತ ನಾಲ್ಕು ಬಟ್ಟ ಗಿಡ್ಡ ಇದ್ದಿರಬೇಕು
ಆಕಿ.

ಮೇಸ್ತ್ರಿಗಿ ಹೇಳಲಿಲ್ಲ.
ಕಲ್ಲಿಗಿ ಗಾರಿ ಕಲಿ ಬಿದ್ದಿತ್ತು,
ಸೆರಗಿನ ತುದಿ ತೊಯ್ಸಿ ಒರಸಿದೆ.
ಅರ್ಧಾ ಹೋಯ್ತು.
ಅರ್ಧಾ ಇರಲಿ ಅಂತ ಬಿಟ್ಟೆ.